ಗಾಳದ ಹಿಟ್ಟಿಗೆ ವಾಸನೆ ಎಣ್ಣೆ ಹಾಕಿದರೆ ನಿಜವಾಗಿಯೂ ಮೀನು ಬರುತ್ತಾ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವನು. ನಮ್ಮ ಕೆರೆಯ ಗುತ್ತಿಗೆ ಹಿಡಿದಿರುವ ಸಂಘದವರಿಗೆ ಹೇಳಿ, ದುಡ್ಡು ಕಟ್ಟಿ, ರಜೆಯ ದಿನ ಗಾಳ ಹಾಕುತ್ತೇನೆ. ಕಾಟ್ಲಾ, ರೋಹು, ಗೆಂಡೆ ಮೀನು ಬಿಟ್ಟಿದ್ದಾರೆ. ಜಿಲೇಬಿ ಮೀನು (ತಿಲಾಪಿಯಾ) ಯಾರೂ ಬಿಡದಿದ್ದರೂ ತುಂಬಿಕೊಂಡಿದೆ. ನಾನು ಮೈದಾಕ್ಕೆ ಸ್ವಲ್ಪ ಬೆಲ್ಲ ಹಾಕಿ ಕಲಸಿಕೊಂಡು ಹೋಗುತ್ತೇನೆ. ಸಿಗುವುದೆಲ್ಲ ಅಂಗೈಯಗಲದ ಜಿಲೇಬಿ. ಪಕ್ಕದಲ್ಲಿ ಒಬ್ಬರು ಹಿರಿಯರು ಕೂರುತ್ತಾರೆ. ಜೇಬಿನಿಂದ ಸಣ್ಣ ಶೀಶೆ ತೆಗೆದು ಹಿಟ್ಟಿಗೆ ಎರಡು ತೊಟ್ಟು ಏನೋ ಬಿಟ್ಟು ಮತ್ತೆ ಜೇಬಿಗೆ ಸೇರಿಸುತ್ತಾರೆ. ಏನದು ಅಂತ ಕೇಳಿದರೆ ನಗುತ್ತಾರೆ ಅಷ್ಟೇ. ಅವರಿಗೆ ಮಾತ್ರ ಒಳ್ಳೊಳ್ಳೆ ರೋಹು ಬೀಳುತ್ತೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ತಲೆ ತಿರುಗುತ್ತೆ. ವೆನಿಲಾ, ಸ್ಟ್ರಾಬೆರಿ, ಬೆಳ್ಳುಳ್ಳಿ, ಸೋಂಪು, ಸಿಗಡಿ, ಒಂದೊಂದಕ್ಕೂ ಒಂದೊಂದು ಬಾಟಲಿ. ಯಾವುದು ತಗೊಳ್ಳಲಿ? ಎಷ್ಟು ಹಾಕಬೇಕು? ಅಥವಾ ಎಲ್ಲಾ ಸುಮ್ನೆ ಮೋಸನಾ?

ಬೆಂಡು_ಮುಳುಗ್ತು:
ದುಡ್ಡು ದಂಡ. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ ಸಾಕು.

ಸೋಂಪುಸ್ವಾಮಿ:
ದಂಡ ಅಂತ ಹೇಳುವವರು ಬಳಸಿ ನೋಡಿರುವುದಿಲ್ಲ. ಸೋಂಪಿನ ಎಣ್ಣೆ ತಗೊಳ್ಳಿ, ಅರ್ಧ ಕೆಜಿ ಹಿಟ್ಟಿಗೆ ಮೂರು ತೊಟ್ಟು, ಜಾಸ್ತಿ ಬೇಡ. ರೋಹು, ಗೆಂಡೆ ಎರಡಕ್ಕೂ ಆಗುತ್ತೆ. ನಮ್ಮ ತಂದೆ ಕಾಲದಿಂದ ಇದನ್ನೇ ಹಾಕುತ್ತಿದ್ದೇವೆ. ಆಗ ಎಣ್ಣೆ ಸಿಗುತ್ತಿರಲಿಲ್ಲ, ಸೋಂಪು ಹುರಿದು ಕುಟ್ಟಿ ಹಾಕುತ್ತಿದ್ದರು.

ಹೇಮಾವತಿ_ಹಿನ್ನೀರು:
ಮೊದಲು ಮೈದಾ ಬಿಡಿ ಸ್ವಾಮಿ. ಮೈದಾ ಅಂಟಿಕೊಳ್ಳೋದಕ್ಕೆ ಬೇಕು, ಅದರಲ್ಲಿ ಮೀನನ್ನು ಕರೆಯುವಂಥದ್ದು ಏನೂ ಇಲ್ಲ. ನಾನು ಮಾಡುವುದು ಹೇಳುತ್ತೇನೆ.

ಕಡಲೆಕಾಯಿ ಹಿಂಡಿ, ಗಾಣದ್ದಾದರೆ ಒಳ್ಳೆಯದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿಯಿರಿ, ಆ ನೀರನ್ನು ಮಾತ್ರ ಚೆಲ್ಲಬೇಡಿ. ಹಿಂಡಿಯನ್ನು ಕೈಯಲ್ಲಿ ಹಿಸುಕಿದರೆ ಬೆರಳ ಸಂದಿಯಲ್ಲಿ ಹಾಲಿನಂಥ ನೀರು ಇಳಿಯಬೇಕು, ಗಂಟು ಇರಬಾರದು. ಒಂದು ಹಿಡಿ ಎಳ್ಳು, ಒಂದು ಚಮಚ ಮೆಂತ್ಯ ಬೇರೆ ಬೇರೆ ಹುರಿದು ಪುಡಿ ಮಾಡಿ. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಕಹಿ ಹೊಡೆಯುತ್ತೆ. ಹಿಂಡಿ, ಪುಡಿ, ಹುರಿದ ಅಕ್ಕಿ ತೌಡು, ಹಿಡಿತಕ್ಕೆ ಸ್ವಲ್ಪ ಮೈದಾ. ಬಸಿದಿಟ್ಟ ನೀರಿನಲ್ಲೇ ಕಲಸಿ.

ಆಮೇಲೆ ಒಂದು ಬಕೆಟ್ ನೀರಿಗೆ ಒಂದು ಉಂಡೆ ಹಾಕಿ ನೋಡುತ್ತಾ ಕೂತುಕೊಳ್ಳಿ. ತಳ ಮುಟ್ಟಿದ ತಕ್ಷಣ ಬಿರಿದರೆ ತುಂಬಾ ಸಡಿಲ. ಹದಿನೈದು ನಿಮಿಷ ಆದರೂ ಕಲ್ಲಿನ ಹಾಗೆ ಕೂತಿದ್ದರೆ ಮೈದಾ ಜಾಸ್ತಿ. ಐದಾರು ನಿಮಿಷಕ್ಕೆ ಅಂಚು ಕರಗಿ ಸಣ್ಣ ಸಣ್ಣ ಚೂರು ಏಳುತ್ತಾ, ಸುತ್ತ ನೀರು ಮಬ್ಬಾಗುತ್ತಾ ಬಂದರೆ ಅದೇ ಹದ. ಇದು ಸರಿ ಇಲ್ಲದಿದ್ದರೆ ಯಾವ ಎಣ್ಣೆ ಹಾಕಿದರೂ ಅಷ್ಟೇ.

ಬೆಂಡು_ಮುಳುಗ್ತು:
ನಾನು ಒಂದೇ ಸಾಲಲ್ಲಿ ಹೇಳಿದ್ದನ್ನ ಇವರು ಪುಸ್ತಕ ಮಾಡಿದರು 😀

ಹೇಮಾವತಿ_ಹಿನ್ನೀರು:
ನೀವು ಹದ ಹೇಳಿರಲಿಲ್ವಲ್ಲ.

ಮೀಸೆಮೀನು:
ಮೀನುಗಾರಿಕೆ ಓದಿದವನು, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

ಮೀನಿನ ಮೂಗಿಗೂ ಉಸಿರಾಟಕ್ಕೂ ಸಂಬಂಧ ಇಲ್ಲ. ರೋಹು ಹಿಡಿದಾಗ ಕಣ್ಣಿನ ಮುಂದೆ ನೋಡಿ, ಒಂದೊಂದು ಕಡೆ ಎರಡೆರಡು ಸಣ್ಣ ತೂತು. ಮುಂದಿನದರಿಂದ ನೀರು ಒಳಗೆ ಹೋಗಿ ಹಿಂದಿನದರಿಂದ ಹೊರಗೆ ಬರುತ್ತೆ. ನಡುವೆ ಮಡಿಕೆ ಮಡಿಕೆಯಾಗಿರುವ ಭಾಗ ವಾಸನೆ ಹಿಡಿಯುತ್ತೆ. ಅಂದರೆ ನೀರಿನಲ್ಲಿ ಕರಗಿದ್ದು ಮಾತ್ರ ಅದಕ್ಕೆ ವಾಸನೆ. ನಮ್ಮ ಮೂಗಿಗೆ ಘಮ್ ಅಂದಿದ್ದು ಮೀನಿಗೆ ಗೊತ್ತೇ ಆಗದಿರಬಹುದು. ಸೋಂಪಿನ ಎಣ್ಣೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಲೋಟ ನೀರಿಗೆ ಬಿಟ್ಟು ನೋಡಿ, ಮೇಲೆ ತೇಲುತ್ತೆ.

ಮೀನು ಹುಡುಕುವುದು ಮುಖ್ಯವಾಗಿ ಅಮೈನೋ ಆಮ್ಲಗಳನ್ನು, ಅಂದರೆ ಪ್ರೋಟೀನ್ ಕಟ್ಟುವ ಸಣ್ಣ ಸಣ್ಣ ತುಣುಕುಗಳನ್ನು. ಅಲನೀನ್, ಆರ್ಜಿನೀನ್, ಪ್ರೋಲೀನ್ ಇಂಥವು. ಹುಳ, ಸಿಗಡಿ, ಕೊಳೆಯುತ್ತಿರುವ ಮಾಂಸ, ನೆನೆದ ಹಿಂಡಿ ಇವೆಲ್ಲ ಇವನ್ನು ನೀರಿಗೆ ಬಿಡುತ್ತವೆ. ಹೇಮಾವತಿಯವರು ಬಸಿದ ನೀರು ಚೆಲ್ಲಬೇಡಿ ಅಂದರಲ್ಲ, ಕರಗಿದ ಸರಕೆಲ್ಲ ಅದರಲ್ಲೇ ಇರೋದು.

ಇನ್ನೊಂದು, ಮೀನಿಗೆ ರುಚಿ ಬಾಯೊಳಗೆ ಮಾತ್ರ ಅಲ್ಲ. ಗೆಂಡೆಯ ಎರಡು ಜೊತೆ ಮೀಸೆಯಲ್ಲೂ ರುಚಿ ಮೊಗ್ಗು ಇವೆ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ಗೆ ಮೈಮೇಲೆಲ್ಲ ಇವೆ. ಕಾಟ್ಲಾಕ್ಕೆ ಮೀಸೆಯೇ ಇಲ್ಲ. ಅದು ಮೇಲಿನ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತೆ. ಹಾಗಾಗಿ ಗೆಂಡೆಗೆ ತಳದಲ್ಲಿ ಉಂಡೆ ಸಾಕು, ಕಾಟ್ಲಾಕ್ಕೆ ಮಬ್ಬು ಮೋಡ ಎಬ್ಬಿಸುವ ಹಿಟ್ಟನ್ನು ತೇಲುವ ಬೆಂಡಿನ ಕೆಳಗೆ ತೂಗುಹಾಕಬೇಕು. ಇದನ್ನು ಬಿಟ್ಟು ವೆನಿಲಾನಾ ಸ್ಟ್ರಾಬೆರಿನಾ ಅಂತ ಕೇಳುವುದರಲ್ಲಿ ಅರ್ಥ ಇಲ್ಲ.

ಸೋಂಪುಸ್ವಾಮಿ:
ಓದಿದವರು ಹೇಳುತ್ತೀರಿ ಸರಿ. ಹಾಗಾದರೆ ನಮ್ಮ ತಂದೆ ಹಿಡಿದ ಮೀನೆಲ್ಲ ಸುಳ್ಳಾ? ಪಕ್ಕ ಪಕ್ಕ ಎರಡು ಗಾಳ ಹಾಕಿ ನೋಡಿದ್ದೇವೆ, ಸೋಂಪು ಹಾಕಿದ್ದಕ್ಕೆ ಮೊದಲು ಬಂದಿದೆ.

ಮೀಸೆಮೀನು:
ಸುಳ್ಳು ಅನ್ನಲಿಲ್ಲ ಸಾರ್. ನಿಮ್ಮ ತಂದೆಯವರು ಸೋಂಪನ್ನು ಕುಟ್ಟಿ ಹಾಕುತ್ತಿದ್ದರು ಅಂದಿರಿ. ಅದರಲ್ಲಿ ಎಣ್ಣೆಯ ಜೊತೆ ಕರಗುವ ಬೇರೆ ಪದಾರ್ಥಗಳೂ ಇರುತ್ತವೆ. ಬರೀ ಎಣ್ಣೆ ಬೇರೆ ಲೆಕ್ಕ. ಎಣ್ಣೆಯನ್ನೇ ಹಾಕಬೇಕು ಅಂದರೆ ಮೊದಲು ಒಂದು ಮೊಟ್ಟೆಯ ಹಳದಿಗೆ ಹಾಕಿ ಚೆನ್ನಾಗಿ ಕಡೆಯಿರಿ. ಹಳದಿಯಲ್ಲಿ ಲೆಸಿಥಿನ್ ಇದೆ, ಅದು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ಹರಡಲು ಬಿಡುತ್ತೆ. ಆಮೇಲೆ ಹಿಟ್ಟಿಗೆ ಸೇರಿಸಿ.

ಸೋಂಪುಸ್ವಾಮಿ:
ಮೊಟ್ಟೆ ವಿಷಯ ಒಳ್ಳೆಯದು. ಇದು ಹೊಸತು ನನಗೆ.

ಗಾಳಗುರು_ಬೆಂಗಳೂರು:
ನಮ್ಮ ಆಫೀಸಿನಲ್ಲಿ ಬಂಗಾಳದ ಹುಡುಗರಿದ್ದಾರೆ. ಗಾಳ ಅಂದರೆ ಅವರಿಗೆ ಪ್ರಾಣ ಗುರು. ಅವರು ಗಾಳಕ್ಕೆ ಹಾಕುವುದು ಬೇರೆ, ನೀರಿಗೆ ಮೊದಲೇ ಚೆಲ್ಲುವ ಮೇವು ಬೇರೆ. ಆ ಮೇವಿಗೆ ಅವರು ಚಾರ್ ಅನ್ನುತ್ತಾರೆ. ಸಾಸಿವೆ ಹಿಂಡಿ, ಏಕಾಂಗಿ ಅನ್ನುವ ಒಣ ಗಡ್ಡೆ, ಮೆಂತ್ಯ, ಇನ್ನೂ ಏನೇನೋ ಬೇರು ಎಲ್ಲ ಕುಟ್ಟಿ, ಜೊತೆಗೆ ಹುಳಿ ಬಂದ ಅನ್ನ. ಡಬ್ಬಿ ಮುಚ್ಚಳ ತೆಗೆದರೆ ಇಡೀ ಕಾರು ವಾಸನೆ. ನಮ್ಮ ಹೆಂಡತಿ ಆ ಕಾರಿನಲ್ಲಿ ಕೂರಲ್ಲ ಅಂತ ಹಠ ಹಿಡಿದಿದ್ದಾಳೆ. ಆದರೆ ಮೀನು ಬರುತ್ತೆ, ಅದರಲ್ಲಿ ಮಾತಿಲ್ಲ.

ಬೆಂಡು_ಮುಳುಗ್ತು:
ಹೆಂಡತಿ ಇಳಿದು ಹೋದರೂ ಮೀನು ಬಂದರೆ ಸರಿ ಅಂತೀರಾ

ಗಾಳಗುರು_ಬೆಂಗಳೂರು:
ಈ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಲ್ಲ. ಅವಳೂ ಇದನ್ನು ಓದುತ್ತಾಳೆ.

ಕೆರೆಏರಿ:
ಎಲ್ಲರಿಗೂ ಥ್ಯಾಂಕ್ಸ್. ಮೊದಲೇ ಮೇವು ಚೆಲ್ಲುವುದು ಅಂದರೆ ಎಷ್ಟು ಹೊತ್ತು ಮುಂಚೆ? ಮತ್ತೆ ಇಂಗು ಹಾಕಬೇಕು ಅಂತ ಒಬ್ಬರು ಹೇಳಿದರು, ಅದು ಹೌದಾ?

ಹೇಮಾವತಿ_ಹಿನ್ನೀರು:
ಕೂರುವ ಒಂದು ಗಂಟೆ ಮುಂಚೆ ಸಾಕು. ಹಿಂದಿನ ಸಂಜೆ ಹಾಕಿದರೆ ಇನ್ನೂ ಒಳ್ಳೆಯದು, ಆದರೆ ಅದೇ ಜಾಗದಲ್ಲೇ ಕೂರಬೇಕು. ಟೆನಿಸ್ ಚೆಂಡಿನಷ್ಟು ನಾಲ್ಕೈದು ಉಂಡೆ. ಜಾಸ್ತಿ ಹಾಕಿದರೆ ಮೀನು ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡು ಹೋಗುತ್ತೆ, ನಿಮ್ಮ ಗಾಳದ ಕಡೆ ತಿರುಗಿಯೂ ನೋಡಲ್ಲ.

ಇಂಗು ಹಾಕಬಹುದು. ಅಂಗಡಿಯ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಸೇರಿರುತ್ತೆ, ಅದನ್ನು ಚಮಚಗಟ್ಟಲೆ ಸುರಿಯಬೇಕಾಗುತ್ತೆ. ಗಟ್ಟಿ ಇಂಗು ಕಡಲೆಕಾಳಿನಷ್ಟು ಬಿಸಿ ನೀರಿನಲ್ಲಿ ಕದಡಿ ಹಾಕಿ. ನನಗೆ ಮಳೆಗಾಲದ ಕೆಂಪು ನೀರಿನಲ್ಲಿ ಇಂಗು ಕೆಲಸ ಮಾಡಿದೆ. ತಿಳಿ ನೀರಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೀಸೆಮೀನು:
ಕೆಂಪು ನೀರಿನಲ್ಲಿ ಕಣ್ಣು ಕಾಣದೆ ಮೀನು ವಾಸನೆಯನ್ನೇ ನಂಬುತ್ತೆ, ಹಾಗಾಗಿ ನೀವು ಹೇಳಿದ್ದು ಹೊಂದುತ್ತೆ.

ಮಲ್ಪೆಬಂಡೆ:
ನೀವು ಘಟ್ಟದ ಮೇಲಿನವರು ಹಿಟ್ಟು, ಸೋಂಪು, ಬೆಲ್ಲ ಅಂತ ಅಡುಗೆಮನೆಯನ್ನೇ ಕೆರೆಗೆ ತಗೊಂಡು ಹೋಗುತ್ತೀರಿ ಮಾರಾಯ್ರೆ. ನಮ್ಮಲ್ಲಿ ಕಲ್ಲಿನ ದಂಡೆಯಲ್ಲಿ ಕೂತವರು ಸಿಗಡಿ, ಬೂತಾಯಿ ಮೀನು (ಸಾರ್ಡಿನ್) ಬಿಟ್ಟು ಬೇರೆ ಯೋಚಿಸುವುದಿಲ್ಲ. ಬೂತಾಯಿ ಇದ್ದರೆ ಬಾಟಲಿ ಯಾಕೆ? ಅದರ ಮೈತುಂಬ ಎಣ್ಣೆ. ಸಣ್ಣಗೆ ಕತ್ತರಿಸಿ ಜಾಲರಿ ಚೀಲದಲ್ಲಿ ಕಟ್ಟಿ ಕಲ್ಲಿನ ಸಂದಿಗೆ ಇಳಿಸಿದರೆ ನೀರಿನ ಮೇಲೆ ಎಣ್ಣೆಯ ಪಟ್ಟೆ ಹರಿದು ಹೋಗುವುದು ಕಣ್ಣಿಗೇ ಕಾಣುತ್ತೆ. ಆ ಪಟ್ಟೆ ಯಾವ ಕಡೆ ಹೋಗುತ್ತೋ ಗಾಳ ಆ ಕಡೆ ಹಾಕಬೇಕು. ಇಳಿತದ ಹೊತ್ತಿಗೆ ಒಂದು ಕಡೆ, ಉಬ್ಬರಕ್ಕೆ ಇನ್ನೊಂದು ಕಡೆ. ಕೆಂಬೇರಿ ಮೀನು ಬರುವುದಿದ್ದರೆ ಬಂದೇ ಬರುತ್ತೆ.

ಒಂದು ಮಾತು, ಸಿಗಡಿ ತಾಜಾ ಇರಬೇಕು. ಮಂಜುಗಡ್ಡೆಯಲ್ಲಿ ಇಟ್ಟು ಕರಗಿಸಿ ಮತ್ತೆ ಇಟ್ಟು ಮಾಡಿದ್ದು ಬೇಡ. ಅದರ ರಸ ಎಲ್ಲ ಪ್ಲಾಸ್ಟಿಕ್ ಚೀಲದಲ್ಲೇ ಉಳಿದಿರುತ್ತೆ.

ಮೀಸೆಮೀನು:
ಮಲ್ಪೆಯವರೇ, ತೇಲುವ ಎಣ್ಣೆ ಪಟ್ಟೆಯ ಜೊತೆ ಬೂತಾಯಿಯ ರಕ್ತ, ರಸವೂ ಕರಗಿ ಹೋಗುತ್ತಿರುತ್ತೆ. ಕಣ್ಣಿಗೆ ಕಾಣುವುದು ಎಣ್ಣೆ, ಮೀನು ಬರುವುದು ಅದರ ಕೆಳಗೆ ಇರುವುದಕ್ಕೆ.

ಮಲ್ಪೆಬಂಡೆ:
ಏನೋ ಒಂದು. ನನಗೆ ದಾರಿ ತೋರಿಸಲು ಎಣ್ಣೆ ಸಾಕು.

ಲೀಡ್ಸ್_ಕನ್ನಡಿಗ:
ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಗೆಂಡೆ ಹಿಡಿಯುವವರದು ಬೇರೆಯೇ ಪ್ರಪಂಚ. ರವೆ, ಸೋಯಾ ಹಿಟ್ಟು, ಮೀನಿನ ಪುಡಿ ಮೊಟ್ಟೆಯಲ್ಲಿ ಕಲಸಿ, ಗೋಲಿ ಮಾಡಿ ಬೇಯಿಸುತ್ತಾರೆ. ಬಾಯ್ಲಿ ಅನ್ನುತ್ತಾರೆ. ಬೆಂದ ಮೇಲೆ ಹೊರಗೆ ಗಟ್ಟಿ ಆಗುತ್ತೆ, ಸಣ್ಣ ಮೀನು ಚುಚ್ಚಿ ತಿನ್ನಲು ಆಗಲ್ಲ. ದೊಡ್ಡ ಗೆಂಡೆ ಮಾತ್ರ ನುಂಗುತ್ತೆ. ಕೆರೆಏರಿಯವರ ಜಿಲೇಬಿ ಕಾಟಕ್ಕೆ ಇದು ಒಳ್ಳೆ ಉಪಾಯ ಅನ್ನಿಸುತ್ತೆ. ವಾಸನೆಗೆ ಇಲ್ಲಿನವರು ಹಾಕುವ ದ್ರವಗಳು ಬಹುಪಾಲು ಎಣ್ಣೆಯಲ್ಲ, ನೀರಿನಲ್ಲಿ ಕರಗುವಂಥವು. ಚಳಿಗಾಲದಲ್ಲಂತೂ ಎಣ್ಣೆ ಬೇಡವೇ ಬೇಡ ಅನ್ನುತ್ತಾರೆ, ತಣ್ಣೀರಿನಲ್ಲಿ ಅದು ಗಟ್ಟಿಯಾಗಿ ಹಿಟ್ಟಿನಲ್ಲೇ ಉಳಿದುಬಿಡುತ್ತೆ.

ಅಂದಹಾಗೆ ಇಲ್ಲಿ ಗಾಳ ಹಾಕಲು ಸರ್ಕಾರದ ಲೈಸೆನ್ಸ್ ಬೇಕು. ಹಿಡಿದ ಗೆಂಡೆಯನ್ನು ಚಾಪೆಯ ಮೇಲೆ ಮಲಗಿಸಿ, ಗಾಯಕ್ಕೆ ಮದ್ದು ಹಚ್ಚಿ, ಫೋಟೋ ತೆಗೆದು ವಾಪಸ್ ಬಿಡುತ್ತಾರೆ. ನಮ್ಮ ಅಮ್ಮ ಬಂದಿದ್ದಾಗ ಇದನ್ನು ನೋಡಿ "ಇಷ್ಟು ದೊಡ್ಡ ಮೀನು ಬಿಡೋಕೆ ಇವರಿಗೇನು ಹುಚ್ಚಾ" ಅಂದರು.

ಬೆಂಡು_ಮುಳುಗ್ತು:
ಅಮ್ಮ ಹೇಳಿದ್ದೇ ಸರಿ.

ತುಂಗಾತೀರ:
ಬಿಡುವುದು ಹುಚ್ಚೇನಲ್ಲ. ನಮ್ಮ ಕಡೆ ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಆ ಕಡೆ ಶೃಂಗೇರಿ, ಘಟ್ಟದ ಕೆಳಗೆ ಶಿಶಿಲ, ಇಲ್ಲೆಲ್ಲ ಹೊಳೆಯ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಜನ ಮಂಡಕ್ಕಿ, ಅಕ್ಕಿ ಹಾಕುತ್ತಾರೆ. ಶೃಂಗೇರಿಯಲ್ಲಿ ಮೆಟ್ಟಿಲ ಹತ್ತಿರ ನಿಂತು ನೋಡಿ, ಕೈ ಎತ್ತಿದ ಕೂಡಲೇ ಮೀನು ಗುಂಪು ಕಟ್ಟುತ್ತೆ. ಮಂಡಕ್ಕಿಗೆ ಏನು ವಾಸನೆ ಇದೆ? ಅಲ್ಲಿ ಕೆಲಸ ಮಾಡುವುದು ಅಭ್ಯಾಸ. ದಿನಾ ಊಟ ಸಿಗುವ ಜಾಗ ಮೀನಿಗೆ ಗೊತ್ತಿರುತ್ತೆ. ಆ ಶೀಶೆಯ ಹಿರಿಯರು ದಿನಾ ಅದೇ ಜಾಗದಲ್ಲಿ ಕೂರುತ್ತಾರಾ ಅಂತ ಮೊದಲು ನೋಡಿ.

ಶಿಶಿಲದಲ್ಲಿ 1996ರಲ್ಲಿ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನು ಕೊಂದರು. ಅಲ್ಲಿ ಈಗ ಮೀನುಗಳ ಸ್ಮಾರಕ ಇದೆ. ಗಾಳ ಹಿಡಿಯುವವರು ಒಮ್ಮೆ ಹೋಗಿ ನೋಡಬೇಕು.

ರಾತ್ರಿಬೇಟೆ:
ಇಷ್ಟೆಲ್ಲಾ ಯಾಕ್ರೀ. ಕಾರೆಕಾಯಿ ಅರೆದು ಹಳ್ಳದ ಗುಂಡಿಗೆ ಹಾಕಿ, ಇಲ್ಲಾ ಬ್ಲೀಚಿಂಗ್ ಪೌಡರ್. ಅರ್ಧ ಗಂಟೆಯಲ್ಲಿ ಬುಟ್ಟಿ ತುಂಬುತ್ತೆ.

ತುಂಗಾತೀರ:
ಈಗ ತಾನೇ ಶಿಶಿಲದ ಕಥೆ ಹೇಳಿದ್ದು ಕಾಣಲಿಲ್ವಾ ನಿಮಗೆ? ಮರಿ, ಮೊಟ್ಟೆ, ಏಡಿ, ಕಪ್ಪೆ ಎಲ್ಲಾ ಸಾಯುತ್ತೆ. ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ನಾಚಿಕೆ ಆಗಬೇಕು.

ರಾತ್ರಿಬೇಟೆ:
ನಮ್ಮೂರಲ್ಲಿ ಎಲ್ಲರೂ ಮಾಡ್ತಾರೆ

ಕಟ್ಟೆಯಜಮಾನ (ನಿರ್ವಾಹಕ):
ವಿಷ, ಬ್ಲೀಚಿಂಗ್, ತೋಟೆ, ಕರೆಂಟ್ ಇವುಗಳ ಬಗ್ಗೆ ಇಲ್ಲಿ ಮಾತಿಲ್ಲ. ಕಾನೂನಿಗೂ ವಿರುದ್ಧ. ಇನ್ನೊಮ್ಮೆ ಬರೆದರೆ ಹೊರಗೆ. ವಿಷಯಕ್ಕೆ ಬನ್ನಿ.

ಕಾವೇರಿಹಳಬ:
ವಯಸ್ಸಾಯಿತು, ಈಗ ಗಾಳ ಹಿಡಿಯಲ್ಲ, ಓದುತ್ತಾ ಇದ್ದೆ. ರಾಗಿಯ ಹೆಸರೇ ಯಾರೂ ಎತ್ತಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ಕಾವೇರಿ ದಡದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ಗಾಳದ ಶಿಬಿರ ಇದ್ದ ಕಾಲದಲ್ಲಿ ವಿದೇಶದವರು ಸಾವಿರಾರು ರೂಪಾಯಿಯ ಸಾಮಾನು ತರುತ್ತಿದ್ದರು. ಕೊನೆಗೆ ಗಾಳಕ್ಕೆ ಹೋಗುತ್ತಿದ್ದುದು ನಮ್ಮ ರಾಗಿ ಮುದ್ದೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಬೇಯಿಸಿ, ಮತ್ತೆ ನಾದುವುದು. ಊಟದ ಮುದ್ದೆಗಿಂತ ಗಟ್ಟಿ. ನಿಂಬೆಹಣ್ಣಿನ ಗಾತ್ರ ಮಾಡಿ ಗಾಳ ಕಾಣದ ಹಾಗೆ ಮುಚ್ಚಬೇಕು, ಮೊನೆಯ ಮೇಲೆ ತೆಳ್ಳಗೆ ಇರಬೇಕು. ಕಲ್ಲಿಗೆ ಉಜ್ಜಿಕೊಂಡು ಹರಿಯುವ ನೀರಿನಲ್ಲೂ ಬಿಡುತ್ತಿರಲಿಲ್ಲ. ಮೈದಾ ಆಗಿದ್ದರೆ ಕ್ಷಣದಲ್ಲಿ ಹೋಗುತ್ತಿತ್ತು. ಅದಕ್ಕೆ ಯಾವ ಸೆಂಟೂ ಇಲ್ಲ. ಬೇಯಿಸಿದ ರಾಗಿಯ ವಾಸನೆಯೇ ವಾಸನೆ.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದಿದ್ದರು, ಅಂದರೆ 54 ಕಿಲೋ. ಈಗ ಆ ಜಾತಿಯೇ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಕಾವೇರಿಯ ಡುಬ್ಬದ ಮಹಶೀರನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು. ಅಭಯಾರಣ್ಯದ ಒಳಗೆ ಆ ಗಾಳದ ಶಿಬಿರಗಳೂ ನಿಂತುಹೋದವು. ಮಕ್ಕಳೇ, ಯಾವ ಮೀನಿಗೆ ಹಾಕುತ್ತಿದ್ದೀರಿ ಅನ್ನೋದನ್ನು ತಿಳಿದು ಹಾಕಿ. ಮಹಶೀರ್ ಬಂದರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ.

ಗಾಳಗುರು_ಬೆಂಗಳೂರು:
ಹಳಬರೇ, ನಿಮ್ಮಂಥವರು ಬರೆಯುವುದೇ ಕಡಿಮೆ. ಆ ಕಾಲದ್ದು ಇನ್ನೂ ಬರೆಯಿರಿ.

ಕಾವೇರಿಹಳಬ:
ಕಣ್ಣು ಮಂಜು. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ಅವನಿಗೆ ಟ್ಯೂಷನ್ ಇದೆಯಂತೆ.

ಕೊರವಪ್ರಿಯ:
ನಾನು ಕೊರವ ಮೀನು ಹಿಡಿಯುವವನು. ಅದಕ್ಕೆ ವಾಸನೆ ಹಾಕಿದರೆ ಏನಾದರೂ ಉಪಯೋಗ ಇದೆಯಾ? ಗಾಳಕ್ಕೆ ಕಟ್ಟುವ ಪ್ಲಾಸ್ಟಿಕ್ ಕಪ್ಪೆಗೆ ಹಚ್ಚುವ ಜೆಲ್ ಒಂದು ಮಾರುತ್ತಾರೆ.

ಮೀಸೆಮೀನು:
ಕೊರವ ಕಣ್ಣಿನಿಂದ, ಅಲುಗಾಟದಿಂದ ಬೇಟೆ ಆಡುವ ಮೀನು. ಕಪ್ಪೆ ನೀರಿನ ಮೇಲೆ ಓಡುವಾಗ ಮೂಸಿ ನೋಡಲು ಅದಕ್ಕೆ ಪುರುಸೊತ್ತೆಲ್ಲಿ? ಕಚ್ಚಿದ ಮೇಲೆ ಒಂದು ಕ್ಷಣ ಹೆಚ್ಚು ಹಿಡಿದುಕೊಳ್ಳಲಿ ಅಂತ ಬೇಕಿದ್ದರೆ ಹಚ್ಚಿ. ಬಾಳೆ ಮೀನು, ಮುರುಗೋಡು ಆದರೆ ಪೂರ್ತಿ ಉಲ್ಟಾ. ರಾತ್ರಿ ತಿರುಗುವ ಮೀನು, ಮೀಸೆಯಲ್ಲೇ ಹುಡುಕುತ್ತೆ. ಅದಕ್ಕೆ ಕೋಳಿ ಲಿವರ್, ಕೋಳಿ ಕರುಳು, ಎರೆಹುಳು.

ಕೊರವಪ್ರಿಯ:
ಲಿವರ್ ಗಾಳದಲ್ಲಿ ನಿಲ್ಲಲ್ಲ ಸಾರ್, ಎಸೆದ ಕೂಡಲೇ ಹಾರಿ ಹೋಗುತ್ತೆ.

ಹೇಮಾವತಿ_ಹಿನ್ನೀರು:
ಹೊಲಿಗೆ ದಾರದಿಂದ ಸುತ್ತಿ ಕಟ್ಟಿ. ಇಲ್ಲಾಂದ್ರೆ ಉಪ್ಪು ಸವರಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಬಿಗಿ ಆಗುತ್ತೆ.

ಸೋಂಪುಸ್ವಾಮಿ:
ಎಲ್ಲರೂ ಏನು ಹಾಕಬೇಕು ಅಂತ ಹೇಳುತ್ತಿದ್ದೀರಿ. ಏನು ಹಾಕಬಾರದು ಅಂತಲೂ ಹೇಳಿ. ಬೈಕಿಗೆ ಪೆಟ್ರೋಲ್ ಹಾಕಿ ಅದೇ ಕೈಯಲ್ಲಿ ಹಿಟ್ಟು ಕಲಸುವವರನ್ನು ನೋಡಿದ್ದೇನೆ. ಬೀಡಿ ಸೇದಿದ ಕೈ, ಸೊಳ್ಳೆ ಮುಲಾಮು ಹಚ್ಚಿದ ಕೈ. ಆಮೇಲೆ ಮೀನಿಲ್ಲ ಅಂತ ಕೆರೆಯನ್ನು ಬೈಯುವುದು.

ಮೀಸೆಮೀನು:
ಇದು ಚಿನ್ನದಂಥ ಮಾತು ಸಾರ್. ಕೆನಡಾದಲ್ಲಿ 1950ರ ದಶಕದಲ್ಲಿ ಸಾಲ್ಮನ್ ಮೀನು ಮೇಲಕ್ಕೆ ಹತ್ತುವ ದಾರಿಯಲ್ಲಿ ಮನುಷ್ಯರ ಕೈ ತೊಳೆದ ನೀರು ಬಿಟ್ಟು ನೋಡಿದ್ದರು, ಮೀನು ಹತ್ತುವುದನ್ನೇ ನಿಲ್ಲಿಸಿದವು. ನಮ್ಮ ಚರ್ಮದಲ್ಲಿರುವ ಸೆರೀನ್ ಅನ್ನುವ ಅಮೈನೋ ಆಮ್ಲ ಅದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯಿತು. ರೋಹು ಸಾಲ್ಮನ್ ಅಲ್ಲ, ಒಪ್ಪುತ್ತೇನೆ. ಆದರೂ ಹಿಟ್ಟು ಕಲಸುವ ಮುಂಚೆ ಕೆರೆಯ ಮಣ್ಣಿನಲ್ಲಿ ಕೈ ಉಜ್ಜಿ ತೊಳೆಯುವುದರಿಂದ ನಷ್ಟ ಏನಿಲ್ಲ. ಸೋಪು ಬೇಡ.

ಮತ್ತೆ ಹಿಡಿದ ಮೀನನ್ನು ಕೂತ ಜಾಗದಲ್ಲೇ ಕೊಯ್ದು ತೊಳೆಯಬೇಡಿ. ಈ ಗೆಂಡೆ ಜಾತಿಯ ಮೀನಿನ ಚರ್ಮ ಹರಿದರೆ ಒಂದು ಪದಾರ್ಥ ನೀರಿಗೆ ಸೇರುತ್ತೆ, ಅದರ ವಾಸನೆ ಹಿಡಿದು ಉಳಿದವು ದೂರ ಓಡುತ್ತವೆ. ಇದನ್ನು 1938ರಲ್ಲೇ ಕಾರ್ಲ್ ಫಾನ್ ಫ್ರಿಶ್ ಕಂಡುಹಿಡಿದಿದ್ದರು. ಜೇನುನೊಣದ ಕುಣಿತ ಬಿಡಿಸಿ ಹೇಳಿ ನೊಬೆಲ್ ಪಡೆದವರು ಅವರೇ.

ಬೆಂಡು_ಮುಳುಗ್ತು:
ಅಯ್ಯೋ, ನಮ್ಮ ಗುಂಪಿನವರು ದಡದಲ್ಲೇ ಮಸಾಲೆ ಹಚ್ಚಿ ಹುರಿಯುತ್ತಾರೆ.

ಮೀಸೆಮೀನು:
ಹುರಿಯಿರಿ, ತೊಳೆಯುವುದು ಮಾತ್ರ ಆಚೆ.

ಕೆರೆಏರಿ:
ಈ ಭಾನುವಾರದ ವರದಿ. ತುಂಗಾತೀರ ಅವರು ಹೇಳಿದ್ದು ನೋಡಿ ಬೆಳಕು ಹರಿಯುವ ಮುಂಚೆಯೇ ಹೋದೆ. ಹಿರಿಯರು ಆಗಲೇ ಅಲ್ಲಿದ್ದರು! ತೂಬಿನ ಪಕ್ಕದ ಆಳಕ್ಕೆ ಒಂದು ಹಳೇ ಸೆಣಬಿನ ಚೀಲ ಇಳಿಸುತ್ತಿದ್ದರು. ಒಳಗೆ ಹಿಂಡಿ, ತೌಡು, ಮುರಿದ ಕಲ್ಲು. ಹಗ್ಗವನ್ನು ನೀರಿನೊಳಗೇ ಗೂಟಕ್ಕೆ ಕಟ್ಟಿದ್ದಾರೆ, ಹೊರಗೆ ಕಾಣಲ್ಲ. ದಿನಾ ಸಂಜೆ ಬಂದು ತುಂಬಿಸಿ ಹೋಗುತ್ತಾರಂತೆ. ನಾನು ನೋಡಿದ್ದು ಗೊತ್ತಾದ ಮೇಲೆ ಪಾಪ ಪಕ್ಕದಲ್ಲೇ ಕೂರಲು ಹೇಳಿದರು. ಶೀಶೆಯನ್ನೂ ಮೂಸಲು ಕೊಟ್ಟರು. ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಹಾಕಿದ್ದು, ಜೊತೆಗೆ ಸೋಂಪಿನ ವಾಸನೆ ಅನ್ನಿಸಿತು.

ಸೋಂಪುಸ್ವಾಮಿ:
ಸೋಂಪು!! ನಾನು ಹೇಳಲಿಲ್ವಾ?

ಬೆಂಡು_ಮುಳುಗ್ತು:
ಚೀಲದ ತುಂಬ ಹಿಂಡಿ ಇತ್ತು ಅಂದರು, ಅದನ್ನು ಓದಲಿಲ್ವಾ ನೀವು?

ಸೋಂಪುಸ್ವಾಮಿ:
ಹಿಂಡಿ ಎಲ್ಲರೂ ಹಾಕುತ್ತಾರೆ. ವ್ಯತ್ಯಾಸ ಮಾಡಿದ್ದು ಶೀಶೆ.

ಹೇಮಾವತಿ_ಹಿನ್ನೀರು:
ದಿನಾ ಸಂಜೆ ಬಂದು ಮೇವು ಹಾಕುವವರು ಎಷ್ಟು ಜನ ಇದ್ದಾರೆ ಹೇಳಿ? ವ್ಯತ್ಯಾಸ ಅದು. ಹಪ್ಪಳ ಕರಿಯುವ ವಾಸನೆ ಬೀದಿಗೆಲ್ಲ ಬಂದರೂ ಎಲೆಯ ಮೇಲೆ ಊಟ ಇಲ್ಲ ಅಂದರೆ ಯಾರು ಕೂರುತ್ತಾರೆ?

ಮೀಸೆಮೀನು:
ಪರೀಕ್ಷೆ ಮಾಡಬೇಕಾದರೆ ಸುಲಭ. ಕೆರೆಏರಿ, ಹಿರಿಯರ ಪಕ್ಕ ಅದೇ ಜಾಗದಲ್ಲಿ, ಅದೇ ಆಳಕ್ಕೆ, ಅದೇ ಹಿಟ್ಟಿನಲ್ಲಿ ಎರಡು ಗಾಳ ಹಾಕಿ. ಒಂದಕ್ಕೆ ಶೀಶೆ, ಒಂದಕ್ಕೆ ಇಲ್ಲ. ಅರ್ಧ ಗಂಟೆಗೊಮ್ಮೆ ಎಡಬಲ ಅದಲುಬದಲು ಮಾಡಿ. ಒಂದು ಬೆಳಿಗ್ಗೆ ನೋಡಿ ತೀರ್ಮಾನ ಮಾಡಬೇಡಿ. ಗಾಳಿ, ಮೋಡ, ನೀರು ಬಿಟ್ಟ ದಿನ ಎಲ್ಲಾ ಬರೆದಿಡಿ.

ಕೆರೆಏರಿ:
ಮಾಡುತ್ತೇನೆ ಸಾರ್. ಒಂದು ರೋಹು, ಒಂದು ಗೆಂಡೆ ಸಿಕ್ಕಿತು ಅಂತ ಹೇಳೋದು ಮರೆತೆ. ಹೇಮಾವತಿ ಅವರ ಹಿಟ್ಟೇ ಕಲಸಿಕೊಂಡು ಹೋಗಿದ್ದೆ. ಬಕೆಟ್ ಪರೀಕ್ಷೆಗೆ ಅಮ್ಮ ಸ್ನಾನದ ಬಕೆಟ್ ಕೊಡಲಿಲ್ಲ, ಹಸುವಿನ ಕಲಗಚ್ಚು ಬಕೆಟ್‌ನಲ್ಲಿ ಮಾಡಿದೆ. ಜಿಲೇಬಿ ಕಾಟ ಮಾತ್ರ ಹಾಗೇ ಇದೆ.

ಲೀಡ್ಸ್_ಕನ್ನಡಿಗ:
ಜಿಲೇಬಿಗೆ ಬಾಯ್ಲಿ ಮಾಡಿ ನೋಡಿ ಅಂದೆನಲ್ಲ. ರವೆ, ಹಿಂಡಿ ಪುಡಿ, ಮೊಟ್ಟೆ. ಕುದಿಯುವ ನೀರಿನಲ್ಲಿ ಎರಡು ನಿಮಿಷ, ಆಮೇಲೆ ಬಟ್ಟೆಯ ಮೇಲೆ ಒಣಗಿಸಿ.

ಮಲ್ಪೆಬಂಡೆ:
ಜಿಲೇಬಿ ಕಾಟ ಅನ್ನಬೇಡಿ, ಸಣ್ಣದನ್ನು ಗರಿಗರಿಯಾಗಿ ಹುರಿದರೆ ಮುಳ್ಳು ಸಮೇತ ತಿನ್ನಬಹುದು. ಅಕ್ಕಿ ಹಿಟ್ಟು, ಖಾರ, ಹುಳಿ, ಉಪ್ಪು, ಒಂದು ಗಂಟೆ ಇಡಿ.

ಗಾಳಗುರು_ಬೆಂಗಳೂರು:
ಅಕ್ಕಿ ಹಿಟ್ಟಲ್ಲ, ರವೆ ಗುರು. ರವೆ ಫ್ರೈ.

ಮಲ್ಪೆಬಂಡೆ:
ರವೆ ಹಾಕುವುದು ಹೋಟೆಲಿನವರು. ಮನೆಯಲ್ಲಿ ಯಾರೂ ಹಾಕುವುದಿಲ್ಲ ಮಾರಾಯ್ರೆ.

ಗಾಳಗುರು_ಬೆಂಗಳೂರು:
ನಮ್ಮ ಮನೆಯಲ್ಲಿ ಹಾಕುತ್ತೇವಲ್ಲ!

ಕಟ್ಟೆಯಜಮಾನ (ನಿರ್ವಾಹಕ):
ಮೀನು ಫ್ರೈಗೆ ಬೇರೆ ಚರ್ಚೆ ಇದೆ, ಅಲ್ಲಿ ಹೊಡೆದಾಡಿ. ಇನ್ನೊಂದು ವಿಷಯ, ಖಾಲಿ ಬಾಟಲಿ, ತುಂಡಾದ ತಂಗೂಸಿ (ಗಾಳದ ದಾರ) ದಡದಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತೆ.

ಹೊಸಬ_ಯಲಹಂಕ:
ಎಲ್ಲಾ ಓದಿದೆ, ಚೆನ್ನಾಗಿದೆ. ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ಕಡಲೆಕಾಯಿ ಹಿಂಡಿ ಎಲ್ಲಿ ಸಿಗುತ್ತೆ? ಸೂಪರ್‌ಮಾರ್ಕೆಟ್‌ನಲ್ಲಿ ಕೇಳಿದರೆ ಕಡಲೆಕಾಯಿ ಚಿಕ್ಕಿ ಕೊಟ್ಟರು.

ಬೆಂಡು_ಮುಳುಗ್ತು:
ಪಶು ಆಹಾರದ ಅಂಗಡಿಗೆ ಹೋಗಿ. ಇಲ್ಲಾ ಮರದ ಗಾಣದ ಎಣ್ಣೆ ಮಾರುವವರ ಹತ್ತಿರ ಕೇಳಿ, ಚೀಲದಲ್ಲಿ ತುಂಬಿಟ್ಟಿರುತ್ತಾರೆ. ಬೂಷ್ಟು ಹಿಡಿದಿದ್ದು ಮಾತ್ರ ತಗೋಬೇಡಿ.